ಮೈಸೂರು ವಿವಿ ವಾಕ್, ಭಾಗ 3: ಕಾಮರ್ಸ್‌ನವರು ನಿಲ್ಲಲೇಬೇಕಾದ ಕಟ್ಟಡ

ಫ್ರೆಂಡ್ಸ್, ಇವತ್ತು ಮೈಸೂರಿನ ಕೃಷ್ಣರಾಜ ಬುಲೇವಾರ್ಡ್. ಆಟೋದಲ್ಲಿ ಹೋದ್ರೆ ಏನೂ ಕಾಣಲ್ಲ, ನಡೀರಿ.

📍 ಕ್ರಾಫರ್ಡ್ ಹಾಲ್
ಘಟಿಕೋತ್ಸವದ ಫೋಟೋಗಳಲ್ಲಿ ನೋಡಿರ್ತೀರ. ಕಾಫಿ ಪ್ಲಾಂಟರ್ ಕ್ರಾಫರ್ಡ್ ಕೊಟ್ಟ ದೇಣಿಗೆಯಿಂದ ಆ ಹೆಸರು. ಕಟ್ಟಡ 1947ರದ್ದು, ಆದ್ರೆ ವಿವಿ ಅದಕ್ಕಿಂತ ಹಳೇದು: 1916ರ ಜುಲೈ 27. ಅಲ್ಲಿವರೆಗೆ ಇಲ್ಲಿನ ಕಾಲೇಜುಗಳು ಮದರಾಸು ವಿವಿಯ ಕೆಳಗಿದ್ವು. ನಾಲ್ವಡಿ ಕೃಷ್ಣರಾಜ ಒಡೆಯರ್ ದೊರೆ, ವಿಶ್ವೇಶ್ವರಯ್ಯ ದಿವಾನ್ ಆಗಿದ್ದಾಗ ನಮ್ಮದೇ ವಿವಿ ಬಂತು.

📍 ಮಹಾರಾಜ ಕಾಲೇಜು
ಕುವೆಂಪು ಓದಿದ್ದು, ಆಮೇಲೆ ಪಾಠ ಮಾಡಿದ್ದು ಇಲ್ಲೇ. ರಾಧಾಕೃಷ್ಣನ್ ಇಲ್ಲಿ ತತ್ತ್ವಶಾಸ್ತ್ರ ಹೇಳಿಕೊಡ್ತಿದ್ರು. 1921ರಲ್ಲಿ ಕಲ್ಕತ್ತೆಗೆ ಹೊರಟಾಗ ಹುಡುಗರು ಗಾಡಿಯ ಕುದುರೆ ಬಿಚ್ಚಿ, ತಾವೇ ರೈಲ್ವೆ ಸ್ಟೇಷನ್‌ವರೆಗೆ ಎಳೆದ್ರು!

📍 ಪ್ರಾಚ್ಯವಿದ್ಯಾ ಸಂಶೋಧನಾಲಯ
ಈಗ ನಿಲ್ಲಿ. 1891ರಲ್ಲಿ ಶುರುವಾದ ಓರಿಯೆಂಟಲ್ ಲೈಬ್ರರಿ ಇದು. 1905ರ ಸುಮಾರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ಒಂದು ಓಲೆಗರಿ ಕಟ್ಟು ತಂದು ಕೊಟ್ರು. ಗ್ರಂಥ ಲಿಪಿ, ಸಂಸ್ಕೃತ ಭಾಷೆ. ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ಓದಿದ್ರೆ, ಕೌಟಿಲ್ಯನ ಅರ್ಥಶಾಸ್ತ್ರ! ಬೇರೆ ಗ್ರಂಥಗಳಲ್ಲಿ ಹೆಸರು ಇತ್ತು, ಅಲ್ಲೊಂದು ಇಲ್ಲೊಂದು ಸಾಲು ಇತ್ತು. ಪೂರ್ತಿ ಪುಸ್ತಕ ಕಳೆದೇ ಹೋಯ್ತು ಅಂತ ಎಲ್ಲರೂ ಅಂದ್ಕೊಂಡಿದ್ರು. 1909ರಲ್ಲಿ ಮೂಲ ಅಚ್ಚಾಯ್ತು, 1915ರಲ್ಲಿ ಇಂಗ್ಲಿಷ್ ಅನುವಾದ ಬಂತು.

ಬಿಕಾಂನವರೇ, ಒಳಗೆ ಏನಿದೆ ಗೊತ್ತಾ? ನಮ್ಮ ಸಿಲಬಸ್ಸೇ! ಸುಂಕಕ್ಕೊಬ್ಬ ಅಧ್ಯಕ್ಷ, ತೂಕ-ಅಳತೆಗೊಬ್ಬ ಅಧ್ಯಕ್ಷ, ಲೆಕ್ಕಕ್ಕೆ ಅಂತಲೇ ಬೇರೆ ಕಚೇರಿ. ನಾವು ಮಾರ್ಚ್ 31ಕ್ಕೆ ಲೆಕ್ಕ ಮುಗಿಸ್ತೀವಿ, ಅವರು ಆಷಾಢದಲ್ಲಿ ಒಪ್ಪಿಸಬೇಕಿತ್ತು. ಅಧಿಕಾರಿಗಳು ದುಡ್ಡು ಹೊಡೆಯೋ 40 ವಿಧಾನಗಳ ಪಟ್ಟಿನೂ ಇದೆ: ಬಂದ ಹಣ ತಡವಾಗಿ ಬರೆಯೋದು, ಒಬ್ಬರ ಲೆಕ್ಕ ಇನ್ನೊಬ್ಬರ ಹೆಸರಿಗೆ ಹಾಕೋದು... ಆಡಿಟಿಂಗ್ ಕ್ಲಾಸಲ್ಲಿ ಕೂತ ಹಾಗೇ ಅನಿಸುತ್ತೆ.

ಇಲ್ಲಿ ಒಂದು ಮಾತು ಯೋಚಿಸಿ. ಆ ಪಂಡಿತರು ಹಳೇ ಗರಿ ಅಂತ ಹೊಳೆಗೆ ಬಿಟ್ಟಿದ್ರೆ? ಲೈಬ್ರರಿಯಲ್ಲಿ ಆ ಲಿಪಿ ಓದೋರೇ ಇಲ್ಲದಿದ್ರೆ? ಕಟ್ಟಡ ಎಷ್ಟೇ ಚೆಂದ ಇದ್ದು ಏನು ಪ್ರಯೋಜನ? ಕೊಟ್ಟವರು ಒಬ್ಬರು, ಓದಿದವರು ಒಬ್ಬರು. ಇಬ್ಬರೂ ಬೇಕಿತ್ತು.

ಅದಕ್ಕೇ ಕೇಳ್ತಿದ್ದೀನಿ. ನಿಮ್ಮ ಅಜ್ಜಿ ಮನೆ ಅಟ್ಟದಲ್ಲಿ ಓಲೆಗರಿ, ಕೈಬರಹದ ಹಳೇ ಕಡತ ಇದ್ರೆ, "ನಮಗೆ ಓದೋಕೆ ಬರಲ್ಲ" ಅಂತ ಎಸೆಯೋಕೆ ಬಿಡಬೇಡಿ. ಎಣ್ಣೆ, ನೀರು ಏನೂ ಹಚ್ಚಬೇಡಿ. ಗೊತ್ತಿರೋರಿಗೆ ತೋರಿಸಿ. ನಿಮ್ಮ ಕಾಲೇಜಿನ ಕನ್ನಡ ಅಥವಾ ಸಂಸ್ಕೃತ ಮೇಷ್ಟ್ರಿಂದಲೇ ಶುರು ಮಾಡಿ.

ನಿಮ್ಮ ಮನೇಲಿ ಇದೆಯಾ? ಕಾಮೆಂಟಲ್ಲಿ ಹೇಳಿ 👇
ಭಾಗ 4: ಕುಕ್ಕರಹಳ್ಳಿ ಕೆರೆ ದಾಟಿ ಮಾನಸಗಂಗೋತ್ರಿಗೆ.

#ಮೈಸೂರುವಿವಿ #ಅರ್ಥಶಾಸ್ತ್ರ #ಓಲೆಗರಿ #ಬಿಕಾಂ