ಪ್ರೋಟೀನುಗಳ ವಿಘಟನೆ ಮತ್ತು ದೊಡ್ಡಕರುಳಿನ ಕ್ಯಾನ್ಸರ್: ಒಂದು ಐತಿಹಾಸಿಕ ವಿವೇಚನೆ

ಜೀವಕೋಶದಲ್ಲಿ ಪ್ರೋಟೀನುಗಳು ಹೇಗೆ ನಿರ್ಮಾಣವಾಗುತ್ತವೆ ಎಂಬುದನ್ನು ಕುರಿತ ಗ್ರಂಥಗಳು ಹೇರಳವಾಗಿವೆ. ಅವು ಹೇಗೆ ಅಳಿಯುತ್ತವೆ ಎಂಬುದನ್ನು ಕುರಿತವು ವಿರಳ. ದೊಡ್ಡಕರುಳಿನ ಕ್ಯಾನ್ಸರಿನ ಮೂಲವನ್ನು ಅರಸಹೊರಟ ವಿದ್ವಾಂಸರು ಕಡೆಗೆ ಬಂದು ನಿಂತದ್ದು ಈ ಎರಡನೆಯ ಪ್ರಶ್ನೆಯ ಎದುರಿನಲ್ಲಿ. ಆದಕಾರಣ ಅದರ ಪೂರ್ವೋತ್ತರವನ್ನು ಇಲ್ಲಿ ಸಂಗ್ರಹವಾಗಿ ಪರಿಶೀಲಿಸುತ್ತೇವೆ.

ದೇಹದ ಪ್ರೋಟೀನುಗಳು ಬಹುಮಟ್ಟಿಗೆ ಸ್ಥಿರವಾದುವು, ಆಹಾರದ ಪ್ರೋಟೀನು ಮುಖ್ಯವಾಗಿ ಇಂಧನ ಮಾತ್ರ ಎಂಬುದು ಹಿಂದಿನ ಮತ. 1933ರಲ್ಲಿ ಜರ್ಮನಿಯನ್ನು ತೊರೆದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯವನ್ನು ಸೇರಿದ ರುಡಾಲ್ಫ್ ಶೋನ್‌ಹೈಮರ್ ಅವರು, ಭಾರ ಸಾರಜನಕದಿಂದ ಗುರುತು ಮಾಡಿದ ಅಮೈನೋ ಆಮ್ಲವನ್ನು ಇಲಿಗಳಿಗೆ ತಿನ್ನಿಸಿ, ಅದರ ಬಹುಭಾಗವು ಮೂತ್ರದಲ್ಲಿ ಹೊರಬೀಳದೆ ಅಂಗಾಂಶಗಳ ಪ್ರೋಟೀನುಗಳನ್ನೇ ಸೇರಿತೆಂದು ತೋರಿಸಿದರು. ಇಲಿಗಳ ತೂಕವಾದರೋ ಹೆಚ್ಚಿರಲಿಲ್ಲ. ಹಾಗಾದರೆ ಹೊಸದು ಸೇರಿದಷ್ಟೇ ಹಳೆಯದು ಕಳಚಿಹೋಗಿರಬೇಕಷ್ಟೆ. 1941ರಲ್ಲಿ ಶೋನ್‌ಹೈಮರ್ ತೀರಿಕೊಂಡರು. 1955ರಲ್ಲಿ ಹಾಗ್ನೆಸ್, ಕೋನ್, ಮೊನೊ ಎಂಬ ಮೂವರು, ಬ್ಯಾಕ್ಟೀರಿಯಾಗಳಲ್ಲಿ ಪ್ರೋಟೀನುಗಳು ಸ್ಥಿರವಾಗಿಯೇ ಇರುತ್ತವೆಂದು ಕಂಡು, ಪ್ರಾಣಿಗಳ ವಿಷಯದಲ್ಲಿಯೂ ಶೋನ್‌ಹೈಮರ್ ಅವರ ನಿರ್ಣಯವನ್ನು ಸಂಶಯಿಸಿದರು. ಕೋಶಗಳೇ ಸತ್ತರೂ ಅದೇ ಫಲ ಕಾಣಬಹುದಲ್ಲವೆ ಎಂಬ ಈ ಆಕ್ಷೇಪವನ್ನು ನಾವು ಅಸಂಗತವೆನ್ನಲಾರೆವು.

ನಮ್ಮ ದೃಷ್ಟಿಯಲ್ಲಿ ಇದಕ್ಕಿಂತ ಮುಖ್ಯವಾದದ್ದು 1953ರ ಒಂದು ಚಿಕ್ಕ ಶೋಧ. ಯಕೃತ್ತಿನ ತೆಳುಹೋಳುಗಳಲ್ಲಿ ಪ್ರೋಟೀನು ವಿಘಟಿಸಲು ಶಕ್ತಿಯ ವ್ಯಯ ಅಗತ್ಯವೆಂದು ಮೆಲ್ವಿನ್ ಸಿಂಪ್ಸನ್ ಕಂಡುಕೊಂಡರು. ಜಠರದಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವಕ್ಕೆ ಅಂಥ ವ್ಯಯವೇನೂ ಬೇಕಿಲ್ಲ. ಕೆಡಹುವುದಕ್ಕೂ ಕೂಲಿ ಕೊಡಬೇಕೆಂಬುದು ಒಗಟಾಯಿತು. ಅಷ್ಟರಲ್ಲಿ ಡಿ ಡ್ಯೂವ್ ಅವರ ಲೈಸೋಸೋಮು ಬೆಳಕಿಗೆ ಬಂದು, ಉತ್ತರ ಸಿಕ್ಕಿತೆಂದು ಬಹುಜನರು ಭಾವಿಸಿದರು. ಒಗಟು ಎರಡು ದಶಕಗಳ ಕಾಲ ಹಾಗೆಯೇ ಉಳಿಯಿತು.

1977ರಲ್ಲಿ ಎಟ್ಲಿಂಗರ್ ಮತ್ತು ಗೋಲ್ಡ್‌ಬರ್ಗ್ ಅವರು ಲೈಸೋಸೋಮುಗಳಿಲ್ಲದ ಎಳೆಯ ರಕ್ತಕಣಗಳ ಸಾರದಲ್ಲಿಯೂ ಶಕ್ತಿಸಾಪೇಕ್ಷ ವಿಘಟನೆ ನಡೆಯುವುದೆಂದು ತೋರಿಸಿದ ಮೇಲೆ ಸಮಸ್ಯೆ ಮತ್ತೆ ತಲೆಯೆತ್ತಿತು. ಹೈಫಾ ನಗರದ ಹರ್ಷ್‌ಕೋ ಮತ್ತು ಸೀಕನೋವರ್, ಫಿಲಡೆಲ್ಫಿಯಾದ ಅರ್ವಿನ್ ರೋಸ್, ಈ ಮೂವರ 1980ರ ಲೇಖನಗಳು ಅದನ್ನು ಬಿಡಿಸಿದುವು: ಅಳಿಯಬೇಕಾದ ಪ್ರೋಟೀನಿಗೆ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನನ್ನು ಮುದ್ರೆಯಂತೆ ಅಂಟಿಸಲಾಗುತ್ತದೆ, ಶಕ್ತಿ ಬೇಕಾಗುವುದು ಈ ಮುದ್ರೆಗೆ. ಮುದ್ರಿತವಾದದ್ದನ್ನು ಪ್ರೋಟಿಯಸೋಮು ಒಡೆಯುತ್ತದೆ. ಮುದ್ರೆಯನ್ನು ಕಿತ್ತು ಮರಳಿ ಬಳಕೆಗೆ ತರುವ ಕಿಣ್ವಗಳೂ ಉಂಟು. ಮೂವರಿಗೂ 2004ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಕ್ಯಾನ್ಸರಿನ ಕಡೆಯಿಂದ ಹೊರಟ ದಾರಿ ಬೇರೆ. ದೊಡ್ಡಕರುಳಿನಲ್ಲಿ ನೂರಾರು ಗಂಟುಗಳೇಳುವ ಮನೆತನಗಳ ಪರಿಶೀಲನೆಯಿಂದ 1991ರಲ್ಲಿ ಎ.ಪಿ.ಸಿ. ಎಂಬ ಜೀನ್ ಗುರುತಾಯಿತು. ಮನೆತನದ ಸೋಂಕಿಲ್ಲದ ರೋಗಿಗಳಲ್ಲಿಯೂ ಬಹುಪಾಲು ಗಡ್ಡೆಗಳಲ್ಲಿ ಅದು ಕೆಟ್ಟಿರುತ್ತದೆ. 1997ರ ಹೊತ್ತಿಗೆ ಕಾರಣ ಸ್ಪಷ್ಟವಾಯಿತು: ಬೀಟಾ-ಕೆಟೆನಿನ್ ಎಂಬ ಪ್ರೋಟೀನಿಗೆ ಮುದ್ರೆ ಬೀಳಲು ಎ.ಪಿ.ಸಿ. ನೆರವಾಗಬೇಕು, ಅದು ಕೆಟ್ಟರೆ ಬೀಟಾ-ಕೆಟೆನಿನ್ ಅಳಿಯದೆ ಕೋಶಕೇಂದ್ರವನ್ನು ಹೊಕ್ಕು ಬೆಳವಣಿಗೆಯ ಜೀನುಗಳನ್ನು ಎಬ್ಬಿಸುತ್ತದೆ. ಇಲ್ಲಿ ದೋಷವಿರುವುದು ಉತ್ಪಾದನೆಯಲ್ಲಲ್ಲ, ವಿಲೇವಾರಿಯಲ್ಲಿ.

ಪ್ರೋಟಿಯಸೋಮನ್ನು ತಡೆಯುವ ಬೋರ್ಟೆಜೋಮಿಬ್ ಔಷಧಿಗೆ 2003ರಲ್ಲಿ ಅಮೆರಿಕದಲ್ಲಿ ಮಜ್ಜೆಯ ಕ್ಯಾನ್ಸರೊಂದಕ್ಕಾಗಿ ಮನ್ನಣೆ ದೊರೆಯಿತು. ಅದನ್ನು ಕರುಳಿನ ಕ್ಯಾನ್ಸರಿನ ಮೇಲೂ ಪ್ರಯೋಗಿಸಿದರು, ಫಲ ಕಾಣಲಿಲ್ಲ. ಅಳಿವು ಸಾಲದಿರುವಲ್ಲಿ ಅಳಿವಿನ ಯಂತ್ರವನ್ನೇ ನಿಲ್ಲಿಸುವುದು ಎಷ್ಟರಮಟ್ಟಿಗೆ ಯುಕ್ತವೆಂಬ ಪ್ರಶ್ನೆ ನಮಗಂತೂ ಏಳುತ್ತದೆ. ಆಮೇಲಿನ ಗಮನ ಮುದ್ರೆ ಕೀಳುವ ಕಿಣ್ವಗಳತ್ತ ತಿರುಗಿತು. ಅಂಥ ಒಂದು ಕಿಣ್ವವಾದ ಯು.ಎಸ್.ಪಿ. 28 ಅನ್ನು ಇಲಿಗಳ ಕರುಳಿನಲ್ಲಿ ಇಲ್ಲವಾಗಿಸಿದಾಗ, ಆಗಲೇ ಬೆಳೆದಿದ್ದ ಗಡ್ಡೆಗಳು ಕುಗ್ಗಿ, ಇಲಿಗಳ ಆಯುಸ್ಸು ಹೆಚ್ಚಿತೆಂದು 2014ರಲ್ಲಿ ಪ್ರಕಟವಾಯಿತು.