ಫಿನಾಯಿಲ್ ವಾಸನೆಯಿಂದ ಹಸಿರು ಕಾನೂನಿಗೆ
ಮಕ್ಕಳೇ, ನಮ್ಮ ಕಾಲದಲ್ಲಿ ಶಾಲೆ ತೊಳೆದಿದ್ದಾರೆಂದು ಗೊತ್ತಾಗುತ್ತಿದ್ದುದೇ ಫಿನಾಯಿಲ್ ವಾಸನೆಯಿಂದ. ಆ ಘಾಟು ಆಸ್ತಮಾ ಇರುವ ಮಗುವನ್ನು ಕಾಡೀತೆಂದು ನಾನಂತೂ ಯೋಚಿಸಿರಲಿಲ್ಲ.

ಇಲ್ಲಿ ಅಮೆರಿಕದಲ್ಲಿ, ಶಾಲೆಗಳು ಕಡಿಮೆ ಹಾನಿಯ ಕ್ಲೀನರ್‌ಗಳನ್ನೇ ಬಳಸಬೇಕೆಂದು ನ್ಯೂಯಾರ್ಕ್ ರಾಜ್ಯ 2005ರಲ್ಲಿ ಕಾನೂನು ಮಾಡಿತು. 2007ರಲ್ಲಿ ಇಲಿನಾಯ್ ಕೂಡ ಮಾಡಿತು. ಆದರೆ ಖರ್ಚು ಹೆಚ್ಚುತ್ತದೆ ಎಂದು ತಿಳಿಸಿದ ಶಾಲೆಗೆ ಅಲ್ಲಿ ವಿನಾಯಿತಿ!

2009ರ ಕನೆಕ್ಟಿಕಟ್ ಕಾನೂನು ನನಗೆ ಹೆಚ್ಚು ಇಷ್ಟ. ಯಾವ ಕ್ಲೀನರನ್ನು ಎಲ್ಲಿ, ಯಾವಾಗ ಬಳಸುತ್ತಾರೆಂದು ಪೋಷಕರು ಕೇಳಿದರೆ ಶಾಲೆ ಬರೆದು ಕೊಡಲೇಬೇಕು. ಪೋಷಕರಾಗಲಿ ಶಿಕ್ಷಕರಾಗಲಿ ಮನೆಯಿಂದ ಕ್ಲೀನರ್ ತರುವಂತಿಲ್ಲ. ಅಮ್ಮ ತರಗತಿಗೆಂದು ಪ್ರೀತಿಯಿಂದ ಕೊಂಡುತರುವ ಡಿಸ್‌ಇನ್ಫೆಕ್ಟಿಂಗ್ ವೈಪ್ಸ್ ಕೂಡ! ಯಾರೂ ಕೇಳದಿದ್ದರೂ ಆ ವಿವರವನ್ನು ಶಾಲೆಯ ವೆಬ್‌ಸೈಟ್‌ನಲ್ಲಿ ಹಾಕಿರಬೇಕು. ಕನೆಕ್ಟಿಕಟ್‌ನಲ್ಲಿರುವವರು ಈ ವರ್ಷ ಅಪ್ಪ-ಅಮ್ಮನಿಂದ ಒಮ್ಮೆ ಕೇಳಿಸಿ ನೋಡಿ.