ದುಡ್ಡು ಮಾಡಬೇಡಿ ಅನ್ನುವ ಷರತ್ತು

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ನಮ್ಮ ಸಿಂಗಾಪುರ ಇನ್ನೂ ಕೆರೆಯಂಚಿನ ಹಳ್ಳಿ. ವಿಡಿಯೋ ಗೇಮ್ ಬೇಕೆಂದರೆ ಮತ್ತಿಕೆರೆ, ಯಶವಂತಪುರದ ಕಡೆ ಹೋಗಬೇಕಿತ್ತು. ಕ್ಯಾಪ್‌ಕಾಮ್‌ನ ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’ ಎಂದರೆ ಯಾವ ಹುಡುಗನಿಗೂ ಗೊತ್ತಾಗುತ್ತಿರಲಿಲ್ಲ. ಅದರೊಳಗಿನ ಪಾತ್ರದ ಹೆಸರು ಹಿಡಿದು ‘ಮುಸ್ತಫಾ’ ಅನ್ನಬೇಕು. ನಾನು ಟಿವಿ ರಿಪೇರಿಯವನು. ಆ ಮೆಷಿನ್ನುಗಳ ಮುಂದೆ ನಿಂತು ಆಡಿದ್ದಕ್ಕಿಂತ ಹಿಂದೆ ಕೂತು ಬಿಚ್ಚಿದ್ದೇ ಹೆಚ್ಚು.

ಒಳಗಿನ ಬೋರ್ಡಿನಲ್ಲಿ ಸಾಲಾಗಿ ಈಪ್ರಾಮ್ ಚಿಪ್ಪುಗಳು. ಒಂದೊಂದರ ನೆತ್ತಿಯಲ್ಲೂ ಪುಟ್ಟ ಗಾಜಿನ ಕಿಟಕಿ, ಅದರ ಮೇಲೊಂದು ಸ್ಟಿಕರ್. ಸ್ಟಿಕರ್ ಕಿತ್ತು ಹೋಗಿ ಬಿಸಿಲು ಬೀಳುತ್ತಲೇ ಇದ್ದರೆ ಒಳಗಿನ ಆಟವೇ ಮೆಲ್ಲಗೆ ಅಳಿಸಿಹೋಗುತ್ತದೆ. ಯಾವ ಚಿಪ್ಪು ಕೆಟ್ಟಿದೆ ಎಂದು ಹುಡುಕಲು ಸರ್ಕ್ಯೂಟ್ ಪುಸ್ತಕ ಸಿಗುತ್ತಿರಲಿಲ್ಲ. ಆ ಕಷ್ಟ ನೀಗಿಸಿದ್ದು ಮೇಮ್. ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರ ಫೆಬ್ರವರಿಯಲ್ಲಿ ಬಿಟ್ಟ ಈ ಎಮ್ಯುಲೇಟರ್ ಹಳೆಯ ಮೆಷಿನ್ನಿನ ಪ್ರೊಸೆಸರ್, ಶಬ್ದ, ಚಿತ್ರ ಎಲ್ಲವನ್ನೂ ಕಂಪ್ಯೂಟರಿನಲ್ಲಿ ನಡೆಸುತ್ತಿತ್ತು. ನನಗೆ ಆಟಕ್ಕಿಂತ ಅದರ ಮೂಲಸಂಕೇತ ಮುಖ್ಯ. ಯಾವ ಆಟದಲ್ಲಿ ಯಾವ ಚಿಪ್ಪು, ಅದರೊಳಗಿನ ದತ್ತಾಂಶದ ಚೆಕ್‌ಸಮ್ ಎಷ್ಟು ಎಂದು ಸಾಲುಸಾಲಾಗಿ ಬರೆದಿಟ್ಟಿದ್ದರು. ಚಿಪ್ಪನ್ನು ರೀಡರಿಗೆ ಹಾಕು, ಅಂಕಿ ತಾಳೆ ನೋಡು, ಹೊಂದದಿದ್ದರೆ ಅದೇ ಕಳ್ಳ.

ಆದರೆ ಮೇಮ್‌ನ ಪರವಾನಗಿಯಲ್ಲಿ ಒಂದು ಷರತ್ತಿತ್ತು: ಮಾರಕೂಡದು, ಯಾವ ವ್ಯಾಪಾರಿ ಚಟುವಟಿಕೆಗೂ ಬಳಸಕೂಡದು. ಉದ್ದೇಶ ಒಳ್ಳೆಯದೇ. ಊರೂರಿನ ಹವ್ಯಾಸಿಗಳು ನಿದ್ದೆಗೆಟ್ಟು ಬರೆದದ್ದನ್ನು ಇನ್ನಾರೋ ಸಿಡಿಗೆ ತುಂಬಿ ಮಾರುವುದು ಯಾರಿಗೆ ಸಹ್ಯ? ಸಿಡಿಗೆ ತುಂಬುವವನು ಮಾತ್ರ ಪರವಾನಗಿ ಓದುವ ಜಾತಿಯವನಲ್ಲ, ಅವನು ಮಾರುತ್ತಲೇ ಇದ್ದ. ಓದಿದವನು ಸಿಕ್ಕಿಬಿದ್ದ. ಚಿಪ್ಪು ತಾಳೆ ನೋಡಿ ಗಿರಾಕಿಯ ಹತ್ತಿರ ರಿಪೇರಿ ಕೂಲಿ ತೆಗೆದುಕೊಳ್ಳುವ ನಾನು ವ್ಯಾಪಾರಿಯೋ ಅಲ್ಲವೋ? ಟಿಕೆಟ್ ಇಟ್ಟು ಹಳೆಯ ಆಟ ತೋರಿಸುವ ವಸ್ತುಸಂಗ್ರಹಾಲಯ? ಲಿನಕ್ಸ್ ಹಂಚುವ ಡೆಬಿಯನ್ ಬಳಗವಂತೂ ಮೇಮ್‌ನ ಲಿನಕ್ಸ್ ರೂಪವಾದ ಎಕ್ಸ್‌ಮೇಮ್ ಅನ್ನು ‘ನಾನ್-ಫ್ರೀ’ ವಿಭಾಗದಲ್ಲೇ ಕೂರಿಸಿತ್ತು. ಇಂಥ ಕೆಲಸಕ್ಕೆ ಬಳಸಬೇಡ ಎಂದು ತಡೆದರೆ ಅದು ಮುಕ್ತ ತಂತ್ರಾಂಶವಲ್ಲ ಎಂಬುದು ಅವರ ನಿಲುವು. ಆಗ ಮಡಿವಂತಿಕೆ ಅನ್ನಿಸಿತ್ತು, ಈಗ ನಾನೂ ಅವರ ಕಡೆಯೇ.

ಷರತ್ತು ಹಾಕುವುದು ಸುಲಭ, ತೆಗೆಯುವುದೇ ಕಷ್ಟ. ಒಬ್ಬೊಬ್ಬರು ಬರೆದ ಭಾಗದ ಹಕ್ಕು ಅವರವರದೇ. ಹಾಗಾಗಿ ಮೇಮ್ ತಂಡ ಸುಮಾರು ಹತ್ತು ತಿಂಗಳು ಹಳೆಯ ಬರಹಗಾರರನ್ನೆಲ್ಲ ಹುಡುಕಿ ಒಪ್ಪಿಗೆ ಕೇಳಬೇಕಾಯಿತು. 2016ರ ಮಾರ್ಚ್‌ನಲ್ಲಿ ಇಡೀ ಮೇಮ್ ಜಿಪಿಎಲ್ ಎಂಬ ಮುಕ್ತ ಪರವಾನಗಿಯ ಅಡಿ ಬಂತು, ಶೇ. 90ಕ್ಕೂ ಹೆಚ್ಚು ಕಡತಗಳು ಇನ್ನೂ ಸಡಿಲವಾದ ಬಿಎಸ್‌ಡಿ ಪರವಾನಗಿಯಲ್ಲಿ. ಇನ್ನು ಮಾರಬಹುದು, ಜಿಪಿಎಲ್ ಭಾಗ ಇದ್ದರೆ ಮೂಲಸಂಕೇತವನ್ನೂ ಕೊಡಬೇಕು, ಅಷ್ಟೆ.

ಕನ್ನಡದಲ್ಲಿ ಇದೇ ತೀರ್ಮಾನ ಅದಕ್ಕೂ ಮೊದಲೇ ಆಗಿತ್ತು, ತಂತ್ರಾಂಶದಲ್ಲಲ್ಲ, ಪುಸ್ತಕದಲ್ಲಿ. 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟಿತು. ಅದೇ ವರ್ಷ ಸಾಹಿತಿ ನಿರಂಜನರ 55 ಪುಸ್ತಕಗಳೂ ಹಾಗೆಯೇ ಹೊರಬಂದವು. ಎರಡರಲ್ಲೂ ವ್ಯಾಪಾರಕ್ಕೆ ತಡೆಯಿಲ್ಲ; ಹೆಸರು ಹೇಳಬೇಕು, ಮುಂದಿನವರಿಗೂ ಇದೇ ಹಕ್ಕು ಕೊಡಬೇಕು. ತಡೆಯಿದ್ದಿದ್ದರೆ ವಿಕಿಪೀಡಿಯ ಮುಟ್ಟುತ್ತಲೇ ಇರಲಿಲ್ಲ.

ಎಲ್ಲವೂ ಬಿಟ್ಟಿ ಬಿದ್ದಿದೆ ಎಂದಲ್ಲ. ಮೇಮ್ ಅನ್ನುವ ಹೆಸರು ನೋಂದಾಯಿತ ಟ್ರೇಡ್‌ಮಾರ್ಕ್. ಈಗ ನನ್ನ ಅಂಗಡಿಯಲ್ಲಿ ಮಾಡಿ ಮಾರುವ ಗೇಮ್ ಪೆಟ್ಟಿಗೆಗಳ ಮೇಲೆ ಅದನ್ನು ಬರೆಯುವಂತಿಲ್ಲ. ಆಟಗಳ ಹಕ್ಕು ಕಂಪನಿಗಳದೇ. ಸ್ನೆಸ್9ಎಕ್ಸ್ ಎಮ್ಯುಲೇಟರ್ ಇಂದಿಗೂ ವ್ಯಾಪಾರಕ್ಕೆ ನಿಷಿದ್ಧ. ಅದನ್ನೂ ಹಾಕಿಕೊಡಿ ಅಂತ ಯಲಹಂಕದಿಂದ ಹುಡುಗರು ಬರುತ್ತಾರೆ. ಪೆಟ್ಟಿಗೆ, ಜಾಯ್‌ಸ್ಟಿಕ್, ವೈರಿಂಗ್ ನನ್ನದು, ಅದಕ್ಕೆ ಬಿಲ್ಲು ಬರೆದುಕೊಡುತ್ತೇನೆ. ಆ ಒಂದನ್ನು ಮಾತ್ರ ಮನೆಗೆ ಹೋಗಿ ನೀವೇ ಇಳಿಸಿಕೊಳ್ಳಿ ಅನ್ನುತ್ತೇನೆ.